ಮೀರಾಸಾಬರ ಮುಂದಿನೆರಡು ಹಲ್ಲು

ಮೊನ್ನೆ ಚಿಕ್ಕೋಡಿಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಪೆಪ್ಪರಮಿಂಟಿನ ಚೀಟಿ ಬಿಚ್ಚಿದಳು. ಪುದೀನದ ಆ ತಣ್ಣನೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ತುಟಿ ಬಿಗಿಯಾಗಿ ಮುಚ್ಚಿ ಕೈಗಡಿಯಾರ ನೋಡಿಕೊಂಡೆ. ಆಕೆ ಒಂದು ಪೆಪ್ಪರಮಿಂಟನ್ನು ನನ್ನ ಕಡೆಗೂ ಚಾಚಿದಳು. ನಾನು ತಲೆ ಅಲ್ಲಾಡಿಸಿದೆನೇ ಹೊರತು ಬಾಯಿ ಬಿಡಲಿಲ್ಲ. ಮುದುಕನಿಗೆ ಹೊಟ್ಟೆ ತೊಳಸುತ್ತಿರಬೇಕು ಎಂದುಕೊಂಡಳೋ ಏನೋ, ಗಡಿಬಿಡಿಯಿಂದ ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಪುಕ್ಕಟೆ ಸಿಕ್ಕ ಕಿಟಕಿಯನ್ನು ಬಿಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಅಂಕಲಿ ದಾಟಿ ಹೊಳೆಯ ಸೇತುವೆ ಬರುವವರೆಗೂ ಗಾಳಿ ತೆಗೆದುಕೊಳ್ಳುತ್ತ, ಒಳಗೊಳಗೇ ನಗುತ್ತ ಕೂತೆ.

ಪುದೀನದ ವಾಸನೆ ಬಂದರೆ ಬಾಯಿ ಮುಚ್ಚಿ ಗಡಿಯಾರ ನೋಡುವ ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಅಂಟಿಸಿದವರು ನನ್ನ ಪಕ್ಕದ ಮನೆಯ ಮೀರಾಸಾಬ ಉಸ್ತಾದರು. ನಿಮಗೆ ಅವರ ವಿಷಯ ಹೇಳದೆ ಇದ್ದರೆ ನನಗೆ ಊಟ ರುಚಿಸುವುದಿಲ್ಲ, ಸ್ವಲ್ಪ ಹೊತ್ತು ಕೂತುಕೊಳ್ಳಿ.

ಐನಾಪುರದಲ್ಲಿ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಗೋಡೆಯ ಈ ಕಡೆ ನಾನು ನಲವತ್ತು ವರ್ಷ ಮಗ್ಗಿ ಹೇಳಿಸಿ ನಿವೃತ್ತನಾದ ಮಾಸ್ತರ. ಆ ಕಡೆ ಅಷ್ಟೇ ವರ್ಷ ಮದುವೆಯ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುತ್ತ ಬಂದ ಉಸ್ತಾದರು. ಅಥಣಿಯಿಂದ ನಿಪ್ಪಾಣಿಯವರೆಗೆ ಅವರು ಊದದ ಓಣಿಯಿಲ್ಲ. ಕನ್ನಡದವರ ಮದುವೆಯಲ್ಲಿ ಕನ್ನಡದ ಹಾಡು, ಮರಾಠಿಯವರ ವರಾತದಲ್ಲಿ ಮರಾಠಿ ಹಾಡು, ತಮ್ಮವರ ಮದುವೆಯಲ್ಲಿ ಉರ್ದು. ವರಾತ ಎಂದರೆ ಮದುಮಕ್ಕಳ ಮೆರವಣಿಗೆ. ಅದು ಓಣಿಯ ತಿರುವಿಗೆ ಬಂದಾಗ ಅವರೊಂದು ಉದ್ದನೆಯ ಸ್ವರ ಹಿಡಿಯುತ್ತಿದ್ದರು. ಕೇಳುವವರಿಗೆ ಉಸಿರು ಕಟ್ಟಬೇಕು, ಅವರಿಗೆ ಕಟ್ಟುತ್ತಿರಲಿಲ್ಲ. ಈಗಿನ ಡಿಜೆ ಡಬ್ಬಗಳು ಬಂದು ಎದೆ ಗುದ್ದಲು ಶುರು ಮಾಡಿದ ಮೇಲೂ ‘ತಿರುವಿನ್ಯಾಗ ಮೀರಾಸಾಬರ ಸ್ವರ ಬೇಕ’ ಎಂದು ಹಟ ಹಿಡಿಯುವ ಹಿರಿಯರು ಇದ್ದೇ ಇದ್ದರು.

ಒಂದು ಆಷಾಢದ ಮಧ್ಯಾಹ್ನ ಅವರು ಕ್ಲಾರ್ನೆಟ್ಟಿನ ತುದಿಯನ್ನು ಮಾತ್ರ ಬಿಚ್ಚಿಕೊಂಡು ನಮ್ಮ ಕಟ್ಟೆಗೆ ಬಂದರು. ಬಾಯಿಗೆ ಇಡುವ ಆ ಕರಿಯ ತುದಿಯ ಮೇಲೆ ಎರಡು ಸಣ್ಣ ಗುಳಿಗಳಿದ್ದವು. ವರ್ಷಗಟ್ಟಲೆ ಅವರ ಮೇಲಿನ ಎರಡು ಹಲ್ಲು ಅದೇ ಜಾಗದಲ್ಲಿ ಊರಿ ಊರಿ ಆದ ಗುಳಿಗಳು.

“ಮಾಸ್ತರ, ಈ ಗುಣಿ ಇವೆರಡ ಹಲ್ಲಿಂದ. ಇವು ಹೋದ್ರ ಕ್ಲಾರ್ನೆಟ್ ಹೋತು. ಇವತ್ತ ಮುಂಜಾನಿ ನೀರ ಕುಡಿಯೂಮುಂದ ನೆತ್ತಿತನಕ ಜುಂ ಅಂತು.”

ನಾನು ಸಮಾಧಾನ ಹೇಳಲು ಹೋದೆ. “ಹೋದ್ರ ಹೋಗ್ಲಿ ಬಿಡ್ರಿ. ನನ್ನಂಗ ಕಟ್ಟಿಸಿಕೊಂಡ್ರಾತು.”

ಅವರು ನನ್ನ ಬಾಯಿಯನ್ನೇ ನೋಡಿದರು. ನಾನು ಐವತ್ತೆಂಟಕ್ಕೇ ಮೇಲಿನ ಹಲ್ಲುಗಳನ್ನೆಲ್ಲ ಸಾಲಾಗಿ ಕೀಳಿಸಿಕೊಂಡು ಕಟ್ಟಿಸಿಕೊಂಡವನು. ಎರಡು ಹಲ್ಲು ಅಲ್ಲಾಡಿದ್ದಕ್ಕೆ ಬೇಸತ್ತು ‘ಎಲ್ಲಾ ತೆಗದ ಬಿಡ್ರಿ, ದಿನಾ ಒಂದ ಕಿರಿಕಿರಿ ಬ್ಯಾಡ’ ಎಂದು ದೊಡ್ಡಸ್ತಿಕೆ ತೋರಿಸಿದವನು. ಅಂದಿನಿಂದ ಕಡಕ್ ರೊಟ್ಟಿಯನ್ನು ಸಾರಿನಲ್ಲಿ ಮುಳುಗಿಸಿ, ಅದು ಸೋತು ಶರಣಾದ ಮೇಲೆ ತಿನ್ನುತ್ತೇನೆ. ಒಮ್ಮೆ ಶಾಲೆಯ ಬೀಳ್ಕೊಡುಗೆಯಲ್ಲಿ ‘ಶಿಸ್ತು’ ಎಂಬ ಶಬ್ದದ ಮೇಲೆ ಒತ್ತು ಕೊಡಲು ಹೋಗಿ ಹಲ್ಲಿನ ಸೆಟ್ಟು ಮೈಕಿಗೆ ಬಡಿದಿತ್ತು. ಆ ದಿನ ಮುಂದಿನ ಸಾಲಿನಲ್ಲಿ ಉಸ್ತಾದರೂ ಕೂತಿದ್ದರು.

“ಕಟ್ಟಿಸಿದ ಹಲ್ಲಿಂದ ರೊಟ್ಟಿ ತಿನ್ನಬೌದ್ರಿ ಮಾಸ್ತರ, ಸ್ವರ ಹಿಡಿಯಾಕ ಆಗೂದಿಲ್ಲ” ಎಂದರು. ಆ ತುದಿಯನ್ನು ಜುಬ್ಬಾದ ಅಂಚಿನಿಂದ ಒರೆಸಿ ಕಿಸೆಗೆ ಇಳಿಸಿದರು. ಅವರು ಅಷ್ಟು ಸೋತು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ, ನನಗೆ ನಾಚಿಕೆಯಾಯಿತು. ಮರುದಿನವೇ ಇಬ್ಬರೂ ಚಿಕ್ಕೋಡಿಯ ಬಸ್ಸು ಹತ್ತಿದೆವು.

ಹಲ್ಲಿನ ಡಾಕ್ಟರು ಸ್ನೇಹಲ್ ಎಂಬ ಹುಡುಗಿ. ನಿಪ್ಪಾಣಿಯವಳು. ಅರ್ಧ ಮಾತು ಕನ್ನಡ, ಅರ್ಧ ಮಾತು ಮರಾಠಿ, ಬೈಗುಳ ಮಾತ್ರ ಎರಡರಲ್ಲೂ ಒಂದೇ ಸವನೆ. ಉಸ್ತಾದರ ಬಾಯಿಗೆ ದೀಪ ಹಿಡಿದು, ಸಣ್ಣ ಕೊಕ್ಕೆಯಂಥ ಕಡ್ಡಿಯಿಂದ ಮುಂದಿನ ಎರಡು ಹಲ್ಲುಗಳ ಬುಡವನ್ನು ಮುಟ್ಟಿದಳು. ಕಡ್ಡಿ ಮೆತ್ತಗೆ ಒಳಗೆ ಇಳಿಯಿತು. ಆಕೆ ಅದನ್ನು ನನಗೂ ತೋರಿಸಿದಳು.

“ಕಾಕಾ, ಮಳಿಗೆ ಮಣ್ಣ ಕೊಚ್ಚಿ ಹೋಗಿ ಕಬ್ಬಿನ ಬೇರು ಮ್ಯಾಲ ಕಾಣತಾವಲ್ಲ, ಹಂಗ ಆಗೇತಿ. ವಯಸ್ಸಾದಂಗ ವಸಡ ಮ್ಯಾಲ ಸರೀತು, ಬೇರು ಬತ್ತಲೆ ಆತು. ಹಲ್ಲಿನ ತಲಿ ಗಟ್ಟಿ ಇರತೈತಿ, ಬೇರು ಅಷ್ಟ ಗಟ್ಟಿ ಅಲ್ಲ. ಹುಳುಕ ಅಲ್ಲೇ ಹಿಡದೈತಿ. ಬಾಯಾಗ ಏನ ಇಟ್ಕೋತೀರಿ?”

ಉಸ್ತಾದರು ನೆಲ ನೋಡಿದರು. ನಾನೇ ಬಾಯಿ ಬಿಟ್ಟೆ. ಬಿಪಿಯ ಗುಳಿಗೆ ಶುರುವಾದ ಮೇಲೆ ಅವರ ಬಾಯಿ ಒಣಗುತ್ತಿತ್ತು. ಬಾಯಿ ಒಣಗಿದರೆ ಸ್ವರ ಒಡೆಯುತ್ತದೆ ಎಂದು ಮೆರವಣಿಗೆಯ ಉದ್ದಕ್ಕೂ ಕೆನ್ನೆಯಲ್ಲಿ ಒಂದು ಕಲ್ಲುಸಕ್ಕರೆ ಇಟ್ಟುಕೊಳ್ಳುತ್ತಿದ್ದರು. ಅದು ಕರಗಿದರೆ ಇನ್ನೊಂದು. ಅವರ ಜುಬ್ಬಾದ ಕಿಸೆಗೆ ಯಾವಾಗಲೂ ಇರುವೆಗಳು ಮುತ್ತಿರುತ್ತಿದ್ದವು.

“ಅಯ್ಯಯ್ಯೋ! ನಾಕ ತಾಸ ಸಕ್ರಿ ನೀರಾಗ ಬೇರು ನೆನಸೀರಿ!” ಎಂದು ಡಾಕ್ಟರು ತಲೆ ಚಚ್ಚಿಕೊಂಡಳು. ಕಲ್ಲುಸಕ್ಕರೆ ಅವತ್ತೇ ಬಂದ್. ಅದರ ಬದಲು ನೀರಿನ ಬಾಟ್ಲಿ. ಎರಡು ಹೊತ್ತು ಪೇಸ್ಟಿನಿಂದ ತಿಕ್ಕುವುದು. ಅದರ ಮೇಲೆ ದಿನಕ್ಕೊಮ್ಮೆ ಪುದೀನದ ವಾಸನೆಯ ಫ್ಲೋರೈಡಿನ ನೀರು. ಒಂದು ಮುಚ್ಚಳ ಬಾಯಿಗೆ ಹಾಕಿಕೊಂಡು, ಒಂದು ನಿಮಿಷ ಹಲ್ಲಿನ ಸಂದಿಸಂದಿಗೆ ಆಡಿಸಿ, ನುಂಗದೆ ಉಗುಳಬೇಕು. ಆಮೇಲೆ ಅರ್ಧ ತಾಸು ಬಾಯಿಗೆ ಏನೂ ಸೋಕಬಾರದು.

ಮದ್ಯದ ಹನಿಯನ್ನೂ ಮುಟ್ಟದ ಉಸ್ತಾದರು ಬಾಟ್ಲಿಯನ್ನು ಬೆಳಕಿಗೆ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ. “ಬೇಟಾ, ಇದರಾಗ ಶೆರೆ ಇಲ್ಲಲ್ಲಾ?”

“ಇಲ್ರಿ ಕಾಕಾ, ಇಲ್ಲದ್ದನ್ನ ಬರದೀನಿ. ಬಾಯಿ ಒಣಗೂ ಮಂದಿಗೆ ಶೆರೆ ಇರೂದು ಕೊಡಲೂಬಾರ್ದು.”

ನಾನು ಮಾಸ್ತರ, ಸುಮ್ಮನೆ ಇರಲಾಗಲಿಲ್ಲ. ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲು ಹಾಳಾಗುತ್ತವೆಂದು ನಾನೇ ಪಾಠ ಹೇಳಿದ್ದೇನಲ್ಲ ಎಂದು ಕನ್ನಡಕ ಸರಿಮಾಡಿಕೊಂಡೆ. ಆಕೆ ನನ್ನನ್ನು ಕಡೆಯ ಬೆಂಚಿನ ಹುಡುಗನಂತೆ ನೋಡಿದಳು. “ಸರ್, ಉಪ್ಪ ಹೆಚ್ಚಾದ್ರ ಸಾರ ಕೆಡತೈತಿ. ಅದಕ್ಕಂತ ಮನ್ಯಾಗ ಉಪ್ಪ ಹಾಕೂದ ಬಿಟ್ಟೀರೇನು? ಅದು ವರ್ಷಾನಗಟ್ಟಲೆ ಹೊಟ್ಟಿಗೆ ಹೋಗೂ ನೀರು. ಇದು ಹಲ್ಲಿಗೆ ತಾಗಿಸಿ ಉಗಳೂದು.” ನಾನು ಕನ್ನಡಕವನ್ನು ಮತ್ತೆ ಇದ್ದಲ್ಲಿಗೇ ಇಳಿಸಿದೆ.

ತುಳಸಿ ಲಗ್ನ ಮುಗಿದರೆ ಮದುವೆಯ ಸೀಜನ್. ಅಷ್ಟರೊಳಗೆ ಹಲ್ಲು ಗಟ್ಟಿಯಾಗಲೇಬೇಕು ಎಂದು ನಾನು ಪಣ ತೊಟ್ಟೆ. ದಿನಾ ಸಂಜೆ ಸೂರ್ಯ ಮುಳುಗುವ ಮುಂಚೆ ಅವರ ಅಂಗಳಕ್ಕೆ ಹೋಗಿ ಗಡಿಯಾರ ಹಿಡಿದು ಕೂಡುತ್ತಿದ್ದೆ. ಆ ಹೊತ್ತನ್ನು ಆರಿಸಿದವರು ಉಸ್ತಾದರೇ. ಮಗರಿಬ್ ನಮಾಜಿಗೆ ಹೋಗುವಾಗ ಬಾಯಿ ಘಮ ಘಮ ಅನ್ನಬೇಕು ಎಂಬುದು ಅವರ ಆಸೆ. ನಾನು “ಹೂಂ” ಎಂದ ಕೂಡಲೇ ಮುಚ್ಚಳ ಬಾಯಿಗೆ ಸುರಿದುಕೊಳ್ಳುವರು. ಕ್ಲಾರ್ನೆಟ್ ಊದಿ ಪಳಗಿದ ಕೆನ್ನೆಗಳು ಹಿಗ್ಗಿ ಕುಗ್ಗಿ ನಿಮಿಷದಲ್ಲಿ ಒಂದು ಹಾಡು ಮುಗಿಸಿಬಿಡುತ್ತಿದ್ದವು. “ಬಸ್” ಎಂದರೆ ಉಗುಳುವರು. ನಾನು ಎದ್ದು ಧೋತರ ಝಾಡಿಸಿಕೊಂಡು, ದೊಡ್ಡ ಕೆಲಸ ಮಾಡಿದವನಂತೆ ಮನೆಗೆ ಬರುತ್ತಿದ್ದೆ. ಹೀಗೆ ಮೂರು ತಿಂಗಳು ಒಂದು ಸಂಜೆಯೂ ತಪ್ಪಲಿಲ್ಲ. ನನ್ನ ಹಾಜರಿ ಶಾಲೆಯಲ್ಲೂ ಅಷ್ಟು ಚೆನ್ನಾಗಿರಲಿಲ್ಲ.

ದಸರೆಗೆ ಮುಂಚೆ ಮತ್ತೆ ಚಿಕ್ಕೋಡಿಗೆ ಹೋದೆವು. ಡಾಕ್ಟರು ಕಡ್ಡಿ ಮುಟ್ಟಿಸಿದಳು. ಅದು ಮೊದಲಿಗಿಂತ ಒಂದು ಕೂದಲಷ್ಟು ಹೆಚ್ಚೇ ಇಳಿಯಿತು. ಆಕೆಯ ಮುಖ ಸಣ್ಣದಾಯಿತು.

“ಕಾಕಾ, ಖರೇ ಹೇಳ್ರಿ, ದಿನಾ ಮಾಡಾಕತ್ತೀರೇನು?”

“ಕುರಾನ ಮ್ಯಾಲ ಕೈ ಇಟ್ಟ ಹೇಳ್ತೀನಿ ಬೇಟಾ. ಬೇಕಾದ್ರ ಮಾಸ್ತರಿಗೆ ಕೇಳ.”

“ಹಂಗಾರ ಸಂಕ್ರಾಂತಿತನಕ ನೋಡೂನು. ಇನ್ನೂ ಇಳದ್ರ, ಮುರಿಯೂದಕ್ಕಿಂತ ಮುಂಚೆ ತೆಗೀಬೇಕಾಗತೈತಿ.”

ವಾಪಸು ಬರುವಾಗ ಉಸ್ತಾದರು ದಾರಿಯುದ್ದಕ್ಕೂ ನಾಲಗೆಯಿಂದ ಆ ಎರಡು ಹಲ್ಲುಗಳನ್ನು ತಡವುತ್ತಿದ್ದರು. ನಮ್ಮ ಕಡೆ ಬ್ಯಾಂಡಿನವರನ್ನು ಮದುವೆಗೆ ಗೊತ್ತು ಮಾಡುವುದಕ್ಕೆ ಸುಪಾರಿ ಕೊಡುವುದು ಎನ್ನುತ್ತಾರೆ. ಆ ಸಂಜೆ ಕಾಗವಾಡದಿಂದ ಇಬ್ಬರು ಸುಪಾರಿ ಕೊಡಲು ಬಂದು ಅವರ ಅಂಗಳದಲ್ಲಿ ಕೂತಿದ್ದರು. ಉಸ್ತಾದರು ಅವರಿಗೆ ಕೈ ಮುಗಿದರು. “ಈ ವರ್ಷ ಬ್ಯಾರೆದವ್ರನ್ನ ನೋಡ್ರಿಯಪ್ಪಾ. ನಡುಬೀದ್ಯಾಗ ಹಲ್ಲ ಕೈಕೊಟ್ರ ನಿಮ್ಮ ಮದವಿ ಕೆಡತೈತಿ, ನನ್ನ ಮರ್ಯಾದಿ ಹೋಗತೈತಿ.” ಅವರು ಯಾರ ಸುಪಾರಿಯನ್ನಾದರೂ ತಿರುಗಿಸಿ ಕಳಿಸಿದ್ದು ನಾನು ಕಂಡಂತೆ ಅದೇ ಮೊದಲು. ಗೋಡೆಯ ಆಚೆ ಅವತ್ತು ಅಭ್ಯಾಸದ ಸ್ವರ ಏಳಲಿಲ್ಲ.

ಮರುದಿನ ಸಂಜೆ ಎಂದಿನಂತೆ ಹೋದೆ. ಉಸ್ತಾದರ ಹೆಂಡತಿ ಜೈತುನ್ ಭಾಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾನು ಅವರ ಮುಂದೆ ಗೋಳು ತೋಡಿಕೊಂಡೆ. “ನಾ ಸ್ವತಃ ಗಡಿಯಾರ ಹಿಡದ ಕುಂತೀನ್ರಿ ಭಾಬಿ. ಒಂದ ಸೆಕೆಂದ ಹೆಚ್ಚುಕಡಿಮಿ ಆಗಿಲ್ಲ. ಔಷಧನ ಸುಳ್ಳ ಐತಿ.”

ಭಾಬಿ ರೊಟ್ಟಿ ತಿರುವಿ ಹಾಕಿದರು. “ಮಿನಿಟ ನೀವ ಎಣಿಸೀರಿ, ಒಪ್ಪಿದೆ. ನೀವ ಎದ್ದ ಹೋದ ಮ್ಯಾಲ ಇವ್ರು ನಳದ ಕಡೆ ಹೋಗ್ತಾರಲ್ರಿ, ಯಾಕ?”

“ವಜೂ ಮಾಡಾಕ” ಎಂದೆ.

ನಮಾಜಿಗೆ ಮುಂಚೆ ಮೈ ಶುಚಿ ಮಾಡಿಕೊಳ್ಳುವುದಕ್ಕೆ ವಜೂ ಎನ್ನುತ್ತಾರೆ. ಗೋಡೆ ಹಂಚಿಕೊಂಡವನಿಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ?

“ವಜೂದಾಗ ಮೊದಲ ಏನ ತೊಳೀತಾರ?”

“ಕೈ” ಎಂದರು ಉಸ್ತಾದರು, ಹೊರಗಿನಿಂದ.

“ಕೈ ಆದ ಮ್ಯಾಲ?”

ಉಸ್ತಾದರು ಬಾಗಿಲಿಗೆ ಬಂದು ನಿಂತರು. “ಬಾಯಿ.”

“ಎಷ್ಟ ಸಲ ಮುಕ್ಕಳಸ್ತೀರಿ?”

“ಮೂರ ಸಲ.”

ಭಾಬಿ ರೊಟ್ಟಿಯನ್ನು ಬುಟ್ಟಿಗೆ ಒಗೆದರು. “ಹಂಗಾರ ಡಾಕ್ಟರ ಕೊಟ್ಟ ಔಷಧ ಮೂರ ತಿಂಗಳಿಂದ ನಮ್ಮ ಮೋರಿ ಕುಡದೈತಿ. ಮೋರಿ ಹಲ್ಲ ಗಟ್ಟಿ ಆಗಿರಬೇಕ ನೋಡ್ರಿ.”

ನಾನು ಉಸ್ತಾದರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಏನೂ ತಿನ್ನಬೇಡಿ, ಕುಡಿಯಬೇಡಿ ಎಂದು ಡಾಕ್ಟರು ಹೇಳಿದ್ದಳು. ‘ನೀರಿನಿಂದಲೂ ಮುಕ್ಕಳಿಸಬೇಡಿ’ ಎಂದೂ ಸ್ಪಷ್ಟವಾಗಿ ಹೇಳಿದ್ದಳು. ನಾನು ಆಗ ಅರ್ಧ ಕಿವಿ ಕೊಟ್ಟು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದೆ. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ನಲವತ್ತು ವರ್ಷ ಮಕ್ಕಳಿಗೆ ಅರಚಿದ ಮನುಷ್ಯ ನಾನು.

“ನಾ ನೀರ ಕುಡದಿಲ್ಲಲ್ರಿ ಮಾಸ್ತರ, ಬರೇ ಮುಕ್ಕಳಿಸೀನಿ!” ಎಂದು ಉಸ್ತಾದರು ಮಗುವಿನಂತೆ ವಾದ ಮಾಡಿದರು. ಆಮೇಲೆ ಮೂವರಿಗೂ ನಗು ತಡೆಯಲಾಗಲಿಲ್ಲ. ಉಸ್ತಾದರ ಕಣ್ಣಲ್ಲಿ ನೀರೇ ಬಂತು. ಔಷಧ ಸೋತಿರಲಿಲ್ಲ ಎಂದು ತಿಳಿದದ್ದೇ ನಮಗೆ ಹಬ್ಬದಂತಾಗಿತ್ತು.

ಅಂದಿನಿಂದ ಹೊತ್ತು ಬದಲಾಯಿತು. ದಿನದ ಕೊನೆಯ ನಮಾಜು ಇಶಾ. ಅದು ಮುಗಿದರೆ ಬೆಳಗಿನವರೆಗೆ ವಜೂ ಇಲ್ಲ. ಊಟ ಮುಗಿಸಿ ಇಶಾಕ್ಕೆ ಹೋಗಿ ಬಂದು, ಹಲ್ಲು ತಿಕ್ಕಿ, ಒಂದು ಮುಚ್ಚಳ. ಆದರೆ ಆ ಹೊತ್ತಿಗೆ ನಮ್ಮ ಓಣಿಯ ಕಟ್ಟೆಗಳು ಹರಟೆಗೆ ತೆರೆಯುತ್ತವೆ, ಒಂದಲ್ಲ ಒಂದು ಮನೆಯಿಂದ ಚಾ ಬರುತ್ತದೆ. ನಮ್ಮ ಕಡೆ ಚಾ ಒಲ್ಲೆ ಎಂದರೆ ನಿಮ್ಮ ಮನೆಯ ಸಂಬಂಧ ಒಲ್ಲೆ ಎಂದಂತೆ. ಉಸ್ತಾದರೋ, ತಿನ್ನಬಾರದು ಕುಡಿಯಬಾರದು ಎಂಬುದಕ್ಕೆ ತಮ್ಮ ಕಡೆಯಿಂದ ಮಾತಾಡಬಾರದು ಎಂಬುದನ್ನೂ ಸೇರಿಸಿಕೊಂಡಿದ್ದರು. ಬಾಯಿ ತೆರೆದರೆ ಔಷಧದ ಕಸುವು ಹಾರಿಹೋಗುತ್ತದೆ ಎಂಬ ಭಯ. ಮೂರು ತಿಂಗಳು ಮೋರಿಗೆ ಸುರಿದವರು, ಈಗ ಒಂದು ಹನಿಯನ್ನೂ ಬಿಡಲು ತಯಾರಿರಲಿಲ್ಲ.

ಚಾದ ಕಪ್ ಮುಂದೆ ಬಂದರೆ ಅವರು ತುಟಿ ಬಿಗಿದು ಕೈ ಆಡಿಸುವರು. ಊರಿನಲ್ಲಿ ಸುದ್ದಿಯಾಯಿತು. ಒಬ್ಬರು ಉಸ್ತಾದರಿಗೆ ಸಿಟ್ಟು ಬಂದಿದೆ ಎಂದರು, ಇನ್ನೊಬ್ಬರು ಹರಕೆ ಹೊತ್ತಿದ್ದಾರೆ ಎಂದರು. ಎದುರು ಮನೆಯ ಯಜಮಾನರಂತೂ “ನಮ್ಮ ಮನಿ ಚಾದಾಗ ಏನ ತಪ್ಪ ಆತ್ರಿ?” ಎಂದು ಮುಖ ಊದಿಸಿಕೊಂಡು ನನ್ನ ಹತ್ತಿರ ಬಂದರು. ನಾನು ಎಲ್ಲರಿಗೂ ಬೇರು, ಹುಳುಕು, ಫ್ಲೋರೈಡು ಎಂದು ಪಾಠ ಹೇಳುತ್ತ ಓಣಿ ಸುತ್ತಿದೆ. ನಿವೃತ್ತಿಯಾದ ಮೇಲೆ ನನ್ನ ಮಾತನ್ನು ಇಷ್ಟು ಜನ ಕೇಳಿದ್ದು ಆಗಲೇ. ಜೈತುನ್ ಭಾಬಿ ಮಾತ್ರ ಬಹಳ ಖುಷಿಯಾಗಿದ್ದರು. “ನಿಕಾ ಆದಾಗಿಂದ ಇಂಥಾ ಅರ್ಧ ತಾಸ ನನಗ ಸಿಕ್ಕಿರಲಿಲ್ರಿ. ಡಾಕ್ಟರಿಗೆ ಹೇಳಿ ಒಂದ ತಾಸ ಮಾಡಸ್ರಿ.”

ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿದ ವಾರದಲ್ಲಿ ಚಿಕ್ಕೋಡಿಗೆ ಹೊರಟೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದು ಬಸ್ಸು ಆಮೆಯಂತೆ ಹೋಗುತ್ತಿತ್ತು. ಉಸ್ತಾದರು ಕಿಸೆಯಲ್ಲಿ ಕ್ಲಾರ್ನೆಟ್ಟಿನ ಆ ತುದಿಯನ್ನು ಹಿಡಿದುಕೊಂಡೇ ಕೂತಿದ್ದರು. ಖುರ್ಚಿಯ ಮೇಲೆ ಮಲಗಿದಾಗಲೂ ಕೈ ಕಿಸೆಯಲ್ಲೇ ಇತ್ತು.

ಡಾಕ್ಟರು ಕಡ್ಡಿ ಮುಟ್ಟಿಸಿದಳು. ಟಕ್ ಎಂದಿತು. ಇನ್ನೊಂದು ಹಲ್ಲಿಗೆ ಮುಟ್ಟಿಸಿದಳು. ಟಕ್. ಆಕೆ ನಂಬದೆ ಮತ್ತೊಮ್ಮೆ ಸ್ವಲ್ಪ ಒತ್ತಿಯೇ ನೋಡಿದಳು. ಕಡ್ಡಿ ಒಳಗಿಳಿಯಲಿಲ್ಲ, ಕಲ್ಲಿನ ಮೇಲೆ ಜಾರಿದಂತೆ ಜಾರಿತು.

“ಕಾಕಾ! ನಿಂತೈತಿ! ಹುಳುಕ ನಿಂತ ಬಿಟ್ಟೈತಿ!”

ಉಸ್ತಾದರು ಕನ್ನಡಿ ಕೇಳಿದರು. ನೋಡಿ ಮುಖ ಇಳಿಬಿಟ್ಟರು. “ಬೇಟಾ, ಬುಡಕ ಇನ್ನೂ ಕರ್ರಗ ಐತಲ್ಲ?”

“ಕರ್ರಗಿರ್ಲಿ ಬಿಡ್ರಿ. ಮೆತ್ತಗಿದ್ದದ್ದು ಗಟ್ಟಿ ಆದ್ರ ಹಿಂಗ ಕರ್ರಗ, ಮಿಂಚೂಹಂಗ ಕಾಣತೈತಿ. ಬಣ್ಣ ಹೋಗೂದಿಲ್ಲ, ಹಲ್ಲೂ ಹೋಗೂದಿಲ್ಲ. ನೀರ ಮಾತ್ರ ಬಿಡಬ್ಯಾಡ್ರಿ. ಬಿಟ್ರ ಮತ್ತ ಶುರುವಾಗತೈತಿ.”

ನನಗೆ ಕುಣಿಯಬೇಕು ಅನ್ನಿಸಿತು. ಎಪ್ಪತ್ತು ದಾಟಿದವನ ಮೊಣಕಾಲು ಒಪ್ಪಲಿಲ್ಲ, ಕಂಪೌಂಡರನ ಕೈ ಹಿಡಿದು ಕುಲುಕಿದೆ. ಉಸ್ತಾದರು ಖುರ್ಚಿಯಿಂದ ಇಳಿದವರೇ ಡಾಕ್ಟರ ತಲೆಯ ಮೇಲೆ ಕೈ ಇಟ್ಟು ದುವಾ ಮಾಡಿದರು. ಆಕೆ ಎಲ್ಲರನ್ನೂ ಬೈಯುವ ಹುಡುಗಿ, ಬಗ್ಗಿ ಅವರ ಕಾಲು ಮುಟ್ಟಿದಳು.

ಆಮೇಲಿನ ಚಿಕ್ಕ ಕಥೆಯನ್ನೂ ಹೇಳಿಬಿಡುತ್ತೇನೆ. ರಂಜಾನು ಬಂತು, ಉಸ್ತಾದರು ಆ ತಿಂಗಳು ಇಶಾ ಆದ ಮೇಲೆ ಮಾಡುವ ತರಾವೀ ನಮಾಜೂ ಮುಗಿಯುವವರೆಗೆ ಕಾದು ಮುಚ್ಚಳ ತೆಗೆದರು, ಒಂದು ದಿನವೂ ಬಿಡಲಿಲ್ಲ. ಬೇಸಿಗೆಯಲ್ಲಿ ನಿಪ್ಪಾಣಿಯಿಂದ ಒಂದು ಲಗ್ನಪತ್ರಿಕೆ ಬಂತು. ಸ್ನೇಹಲ್ ಡಾಕ್ಟರ ಮದುವೆ. ಪತ್ರಿಕೆಯ ಜೊತೆಗೆ ಆಕೆಯ ಅಪ್ಪನೇ ಬಂದಿದ್ದರು. ಡಿಜೆ ಬೇಡ, ಕಾಕಾರ ಬ್ಯಾಂಡೇ ಬೇಕು ಎಂದು ಮಗಳು ಹಟ ಹಿಡಿದಿದ್ದಾಳೆ ಎಂದರು. ಉಸ್ತಾದರು ಎರಡೂ ಕೈ ಚಾಚಿ ಆ ಸುಪಾರಿ ತೆಗೆದುಕೊಂಡರು.

ವರಾತ ಸಂಜೆ ಹೊರಟಿತು. ನಾನು ಬ್ಯಾಂಡಿನ ಹಿಂದೆ, ಉಸ್ತಾದರ ನೀರಿನ ಬಾಟ್ಲಿ ಹಿಡಿದವನಾಗಿ ಹೊರಟೆ. ದೊಡ್ಡ ತಿರುವು ಬಂತು. ಉಸ್ತಾದರು ಕ್ಲಾರ್ನೆಟ್ ಮೇಲೆತ್ತಿದರು, ಸ್ವರ ಹಿಡಿದರು. ಓಣಿಯ ಮಾಳಿಗೆಗಳ ಮೇಲೆ ಜನ ಬಂದು ನಿಂತರು. ಢೋಲಿನವನು ಕೈ ನಿಲ್ಲಿಸಿದ, ತಾಳದವನು ನಿಲ್ಲಿಸಿದ, ಸ್ವರ ಮಾತ್ರ ನಿಲ್ಲಲಿಲ್ಲ. ಕೊನೆಗೆ ಅವರೇ ಬಾಯಿಂದ ತೆಗೆದಾಗ ಬಿದ್ದ ಸಿಳ್ಳೆಗೆ ಸಾರೋಟಿನ ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಿತು.

ಆಗ ಮದುಮಗಳು ಸಾರೋಟಿನಿಂದ ಇಳಿದಳು. ಹಸಿರು ಬಳೆ, ಬಾಸಿಂಗ, ಒಂಬತ್ತು ಗಜದ ಸೀರೆ. ಅತ್ತೆಯ ಮನೆಯವರೆಲ್ಲ ಗಾಬರಿಯಾಗಿ ನೋಡುತ್ತಿರುವಾಗ ನೇರ ಉಸ್ತಾದರ ಮುಂದೆ ಬಂದು, ಮೊಬೈಲಿನ ಟಾರ್ಚು ಹಚ್ಚಿದಳು.

“ಕಾಕಾ, ಆ ಮಾಡ್ರಿ.”

ಇಡೀ ವರಾತದ ನಡುವೆ ಎಪ್ಪತ್ತೈದರ ಮನುಷ್ಯ ಬಾಯಿ ತೆರೆದು ನಿಂತರು. ಮದುಮಗಳು ಬಗ್ಗಿ, ಬಳೆ ಸರಿಸಿ, ಹೆಬ್ಬೆರಳಿನ ಉಗುರಿನಿಂದ ಆ ಹಲ್ಲಿನ ಬುಡ ತಟ್ಟಿ ನೋಡಿದಳು. ಆಮೇಲೆ ಜನರ ಕಡೆ ತಿರುಗಿ ಕೂಗಿದಳು.

“ಗಟ್ಟಿ ಅದಾವ! ಬಾರಸ್ರಿ!”

ಆ ಗದ್ದಲವನ್ನು ನಾನು ಬರೆದು ತೋರಿಸಲಾರೆ. ನಾನು ಅಳುತ್ತಿದ್ದೆ, ಅದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ಒಂದು ಮುಚ್ಚಳ ನೀರು, ಒಂದು ನಿಮಿಷ, ಒಂದು ಅರ್ಧ ತಾಸಿನ ಹಟ. ಇಷ್ಟಕ್ಕೇ ಒಬ್ಬ ಮನುಷ್ಯ ತನ್ನ ಬದುಕನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ.

ಮೊನ್ನೆ ಚಿಕ್ಕೋಡಿಗೆ ಹೋಗಿದ್ದು ನನ್ನ ಸಲುವಾಗಿ. ನನ್ನ ಕೆಳಗಿನ ಸಾಲಿನಲ್ಲಿ ಇನ್ನೂ ಐದು ಹಲ್ಲು ನನ್ನವೇ ಇವೆ. ಹೋದರೆ ಹೋಗಲಿ ಎಂದು ಅವುಗಳ ಲೆಕ್ಕವನ್ನೇ ಬಿಟ್ಟಿದ್ದೆ. ಆ ವರಾತದಿಂದ ಬಂದ ಮರುದಿನವೇ ನಾನೂ ಒಂದು ಬಾಟ್ಲಿ ತಂದೆ. ಈಗ ಇಶಾ ಮುಗಿದ ಹೊತ್ತಿಗೆ ಎರಡು ಮನೆಯ ಕಟ್ಟೆಯ ಮೇಲೆ ಇಬ್ಬರು ಮುದುಕರು ಬಾಯಿ ಮುಚ್ಚಿ ಕೂತಿರುತ್ತೇವೆ. ಮೊನ್ನೆ ಡಾಕ್ಟರು ನನ್ನ ಐದನ್ನೂ ಒಂದೊಂದಾಗಿ ತಟ್ಟಿ ನೋಡಿದಳು. ಐದೂ ನಿಂತಿವೆ. ಬಂದು ಉಸ್ತಾದರಿಗೆ ಹೇಳಿದೆ. ಅವರು ರಾಯಬಾಗದ ಮದುವೆಗೆ ಹೊರಟು ಬ್ಯಾಂಡಿನ ಬಂಡಿಯ ಪಕ್ಕ ನಿಂತಿದ್ದರು. ನನ್ನ ಭುಜದ ಮೇಲೆ ಜೋರಾಗಿ ಹೊಡೆದರು.

“ಶಾಬಾಸ್ ಮಾಸ್ತರ! ನಮ್ಮ ಹಲ್ಲ ನಮ್ಮ ಬಾಯಾಗ ಅದಾವ. ಇನ್ನ ಯಾರ ಅಂಜಿಕಿ? ನಡೀರಿ, ಬಂಡಿ ಹತ್ತರಿ!”

ನಾನು ಹತ್ತಿದೆ.